ನಡುವೆ ಬಂದವರು

“ನೀವು ಮಧ್ಯೆ ಬರಬೇಡಿ” ಎಂಬ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಳ್ಳದ ಹೆಂಗಸು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಗಂಡ ಹೆಂಡಿರ ನಡುವೆ ಹೋಗಬಾರದು, ತಾಯಿ ಮಗನ ನಡುವೆ ಹೋಗಬಾರದು, ಇನ್ನು ಅತ್ತೆ ಸೊಸೆಯರ ನಡುವೆ ದೇವರು ಕೂಡ ಹೋಗಬಾರದು. ಹೋದರೆ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ. ನಡುವೆ ಸಿಕ್ಕಿಕೊಂಡವರ ಗತಿ ಏನಾಗುತ್ತದೆ ಎಂಬುದನ್ನೂ ಗಾದೆ ಹೇಳಿಯೇ ಇದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮಧ್ಯವರ್ತಿ ಎಂದರೆ ದಲ್ಲಾಳಿ. ಮಧ್ಯೆ ಬಾಯಿ ಹಾಕುವವಳು ಎಂದರೆ ಚಾಡಿಕೋರಳು. ಒಟ್ಟಿನಲ್ಲಿ ‘ನಡುವೆ’ ಎಂಬ ಜಾಗಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ.

ಹೀಗಿರುವಾಗ, ಇಬ್ಬರ ನಡುವೆ ಮೂರನೆಯವರು ಬರುವುದು ಯಾವಾಗಲೂ ತಪ್ಪೇ ಎಂದು ಕೇಳಿದರೆ ಉತ್ತರ ಸುಲಭವೆಂದು ತೋರುತ್ತದೆ. ನನಗೆ ಅದು ಅಷ್ಟು ಸುಲಭವಾಗಿ ಕಾಣದಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ನಮ್ಮ ತವರಿನಲ್ಲಿದ್ದ ನನ್ನ ಸೋದರತ್ತೆ. ಇನ್ನೊಂದನ್ನು ಹೇಳಿದರೆ ನಗುತ್ತೀರೇನೋ, ಹರಳುಗಲ್ಲಿನ ಮೇಲೆ ಬೆಳೆಸಿದ ಇಂಗಾಲದ ಒಂದು ಪದರ.

ಎರಡನೆಯದನ್ನು ಮೊದಲು ಹೇಳುತ್ತೇನೆ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದಿ ಈಗ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ. ಅಲ್ಲಿ ಏನು ಕೆಲಸ ಮಾಡುತ್ತೀಯೆ ಎಂದರೆ ಮೊದಮೊದಲು “ನಿಮಗೆ ಬೋರಾಗುತ್ತೆ ದೊಡ್ಡಮ್ಮ” ಎಂದು ಜಾರಿಕೊಳ್ಳುತ್ತಿದ್ದಳು. ಒಂದು ದಿನ ನಾನು ಬಿಡಲಿಲ್ಲ. “ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಳಗನ್ನಡ ಪಾಠ ಮಾಡಿದವಳು ನಾನು. ಬೋರಿಗೆಲ್ಲ ಹೆದರುವವಳಲ್ಲ, ಹೇಳು” ಎಂದೆ. ಅವಳು ನಕ್ಕು ಹೇಳಿದಳು: “ಒಂದು ಹಾಳೆಯ ಕೆಳಗೆ ಲೋಹದ ಪರಮಾಣುಗಳನ್ನ ತೂರಿಸ್ತೀವಿ ದೊಡ್ಡಮ್ಮ. ಹಾಳೆ ಹರಿಯದ ಹಾಗೆ.” ಅಷ್ಟೇ ಅವಳ ಕೆಲಸ. ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದಂತೆ!

ಹಾಳೆ ಎಂದರೆ ಗ್ರಾಫೀನ್. ಪೆನ್ಸಿಲ್ ಕಡ್ಡಿಯನ್ನು ನಾವು ಸೀಸದ ಕಡ್ಡಿ ಎಂದು ಕರೆದರೂ ಅದರಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್. ಇಂಗಾಲದ ತೆಳು ಪದರಗಳು ಹಪ್ಪಳದ ಅಟ್ಟಿಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಬರೆಯುವಾಗ ಕೆಲವು ಜಾರಿ ಕಾಗದಕ್ಕೆ ಹತ್ತುತ್ತವೆ. ಆ ಅಟ್ಟಿಯಲ್ಲಿ ಒಂದೇ ಒಂದು ಪದರವನ್ನು ಎತ್ತಿಕೊಂಡರೆ ಅದೇ ಗ್ರಾಫೀನ್. ದಪ್ಪ ಒಂದು ಪರಮಾಣುವಿನಷ್ಟು, ವಿನ್ಯಾಸ ಜೇನುಗೂಡಿನಂತೆ ಆರು ಮೂಲೆಯದು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ಇಬ್ಬರು ಗ್ರಾಫೈಟಿಗೆ ಅಂಟುಟೇಪು ಹಚ್ಚಿ ಕಿತ್ತು, ಹಚ್ಚಿ ಕಿತ್ತು ಅಂಥ ಪದರವನ್ನು ಪಡೆದು, ಅದರ ಗುಣಗಳನ್ನು ಅಳೆದು ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. (ನಮ್ಮ ಮನೆಯಲ್ಲಿ ಅದೇ ಟೇಪು ಹರಿದ ಪಂಚಾಂಗಕ್ಕೆ ತೇಪೆ ಹಾಕುವುದರಲ್ಲೇ ಮುಗಿದುಹೋಗುತ್ತದೆ.) ಆ ಪದರದಲ್ಲಿ ಎಲೆಕ್ಟ್ರಾನುಗಳು ಅಡ್ಡಿಯಿಲ್ಲದೆ ಓಡುತ್ತವೆ ಎಂಬುದೇ ಅದರ ದೊಡ್ಡಸ್ತಿಕೆ.

ಟೇಪಿನಿಂದ ಸಿಗುವುದು ಚೂರುಗಳು. ದೊಡ್ಡ ಹಾಳೆ ಬೇಕೆಂದರೆ ಹರಳಿನ ಮೇಲೆ ಬೆಳೆಸಬೇಕು. ಆ ಹರಳು ಸಿಲಿಕಾನ್ ಕಾರ್ಬೈಡ್. ನಿಮಗೆ ಅದರ ಗುರುತು ಇದ್ದೇ ಇದೆ. ಚಾಕು ಮಸೆಯುವ ಎಷ್ಟೋ ಸಾಣೆಚಕ್ರಗಳಲ್ಲಿ ಇರುವುದು ಅದರ ಪುಡಿಯೇ. ಒಡವೆ ಅಂಗಡಿಯವರು ವಜ್ರದ ಬದಲಿಗೆ ‘ಮಾಯ್ಸನೈಟ್’ ಎಂದು ತೋರಿಸುವ ಥಳಥಳಿಸುವ ಹರಳೂ ಅದೇ. ಅದರ ಒಡಲಲ್ಲಿ ಸಿಲಿಕಾನೂ ಇಂಗಾಲವೂ ಸರಿಪಾಲು. ಅದನ್ನು 1200 ಡಿಗ್ರಿಗೂ ಮೇಲೆ ಕಾಯಿಸಿದರೆ ಮೇಲ್ಮೈಯ ಸಿಲಿಕಾನ್ ಆವಿಯಾಗಿ ಹೊರಟುಹೋಗುತ್ತದೆ. ಉಳಿದ ಇಂಗಾಲ ತನ್ನಷ್ಟಕ್ಕೆ ತಾನೇ ಜೇನುಗೂಡು ಕಟ್ಟಿಕೊಳ್ಳುತ್ತದೆ. 1890ರ ದಶಕದಲ್ಲೇ ಅಮೆರಿಕದ ಎಡ್ವರ್ಡ್ ಅಚೆಸನ್ ಈ ಹರಳನ್ನು ಕುಲುಮೆಯಲ್ಲಿ ಅತಿಯಾಗಿ ಕಾಯಿಸಿದಾಗ ಗ್ರಾಫೈಟ್ ಉಳಿಯುವುದನ್ನು ಕಂಡಿದ್ದ. ಹಾಳೆಯನ್ನು ಎಲ್ಲಿಂದಲೋ ತಂದು ಹಾಸುವುದಿಲ್ಲ, ಅದು ಹುಟ್ಟುವುದು ಆ ಕಲ್ಲಿನ ಹೊಟ್ಟೆಯಿಂದಲೇ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ತೊಂದರೆ ಇರುವುದು ಹೀಗೆ ಹುಟ್ಟಿದ ಮೊದಲ ಪದರದಲ್ಲಿ. ನೋಡಲು ಥೇಟ್ ಗ್ರಾಫೀನೇ. ಅದೇ ಇಂಗಾಲ, ಅದೇ ಆರು ಮೂಲೆ. ಆದರೆ ಅದರ ಪರಮಾಣುಗಳಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು, ಕೆಳಗಿನ ಸಿಲಿಕಾನಿನ ಕೈ ಹಿಡಿದುಕೊಂಡಿರುತ್ತದೆ. ಅಷ್ಟು ಸಾಕು, ಎಲೆಕ್ಟ್ರಾನು ಓಡುವುದಿಲ್ಲ. ರೂಪ ಗ್ರಾಫೀನಿನದು, ಗುಣ ಗ್ರಾಫೀನಿನದಲ್ಲ. ಇನ್ನೂ ಕಾಯಿಸಿದರೆ ಇದರ ಅಡಿಯಲ್ಲೇ ಇನ್ನೊಂದು ಪದರ ಹುಟ್ಟುತ್ತದೆ. ಆಗ ಮೇಲಿನದು ಬಿಡುಗಡೆಯಾಗಿ ಗ್ರಾಫೀನ್ ಎನ್ನಿಸಿಕೊಳ್ಳುತ್ತದೆ, ಹೊಸದಾಗಿ ಬಂದದ್ದು ಕಲ್ಲಿಗೆ ಕಟ್ಟುಬೀಳುತ್ತದೆ. ಕಲ್ಲಿಗೆ ಅಂಟಿ ಕೂತ ಪದರವನ್ನು ವಿಜ್ಞಾನಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಸೊನ್ನೆಯ ಪದರ’ ಎಂದು ಕರೆಯುತ್ತಾರೆ. ಅವಳು ಇದನ್ನು ಹೇಳಿದಾಗ ಹಿರಿಸೊಸೆಯಾಗಿ ಬಂದು ಮನೆಯ ಅಡಿಪಾಯದಂತೆ ಕೂತುಬಿಟ್ಟ ಎಷ್ಟೋ ಹೆಂಗಸರ ಮುಖ ನನ್ನ ಕಣ್ಣ ಮುಂದೆ ಬಂತು.

ದೋಸೆ ಕಾವಲಿಗೆ ಹಿಡಿದಾಗ ನಾವು ಏನು ಮಾಡುತ್ತೇವೆ? ಮೊಗಚೋ ಕೈಯಿಂದ ಕೆರೆದರೆ ಹರಿಯುತ್ತದೆ. ಅಂಚಿನ ಸುತ್ತ ಎಣ್ಣೆ ಬಿಟ್ಟು ಎರಡು ನಿಮಿಷ ಸುಮ್ಮನಿರುತ್ತೇವೆ. ಎಣ್ಣೆ ಅಡಿಗೆ ಹರಿದುಹೋಗಿ ದೋಸೆ ತಾನಾಗಿ ಏಳುತ್ತದೆ. ಅವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 2009ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ರೀಡ್ಲ್, ಕಮಿಲಾ ಕೊಲೆಟ್ಟಿ, ಉಲ್ರಿಕ್ ಸ್ಟಾರ್ಕೆ ಮತ್ತು ಜೊತೆಯವರು ಸೊನ್ನೆಯ ಪದರವಿದ್ದ ಹರಳನ್ನು ಹೈಡ್ರೋಜನ್ ಅನಿಲದಲ್ಲಿ ಕಾಯಿಸಿದರು. ಹೈಡ್ರೋಜನ್ ಪದರದಡಿಗೆ ನುಸುಳಿ ಸಿಲಿಕಾನಿನ ಕೈಗಳನ್ನು ತಾನು ಹಿಡಿದುಕೊಂಡಿತು. ಮೇಲಿನ ಪದರಕ್ಕೆ ಹಿಡಿಯಲು ಕೈಯೇ ಇಲ್ಲದಂತಾಗಿ ಅದು ಬಿಟ್ಟುಕೊಂಡಿತು. ಆ ಕ್ಷಣದಿಂದ ಅದು ಗ್ರಾಫೀನ್! ಲಿಥಿಯಂ, ಚಿನ್ನ, ತವರ, ಗ್ಯಾಲಿಯಂ, ಇಂಡಿಯಂ ಹೀಗೆ ಒಂದೊಂದೇ ಲೋಹವನ್ನೂ ಹರಳಿಗೂ ಹಾಳೆಗೂ ನಡುವೆ ಕಳಿಸಿ ನೋಡಿದ್ದಾರೆ. ಎಣ್ಣೆಯಂತೆ ಧಾರಾಳವಾಗಿ ಸುರಿಯುವಂತಿಲ್ಲ. ಒಂದು ಸಾಲು, ಎರಡು ಸಾಲು ಪರಮಾಣು, ಅಷ್ಟೇ.

ಇದನ್ನು ಕೇಳಿ ನನಗೆ ಹಿಗ್ಗೋ ಹಿಗ್ಗು. “ನೋಡಿದೆಯಾ, ನಡುವೆ ಬಂದರೆ ಕೆಡುಕು ಅಂತಾರೆ. ಇಲ್ಲಿ ನಡುವೆ ಬಂದದ್ದರಿಂದಲೇ ಬಿಡುಗಡೆ ಆಯ್ತಲ್ಲ” ಎಂದೆ. ಅವಳು ಒಪ್ಪಲಿಲ್ಲ. “ಅಷ್ಟು ಬೇಗ ನೀತಿ ತೆಗೀಬೇಡಿ ದೊಡ್ಡಮ್ಮ. ಪರಮಾಣುವಿಗೆ ಬೇಕು ಬೇಡ ಇಲ್ಲ. ಅಂಟಿಕೊಂಡಿರೋದು ಅದಕ್ಕೆ ಕಷ್ಟಾನೂ ಅಲ್ಲ, ಬಿಡಿಸಿಕೊಂಡರೆ ಸುಖಾನೂ ಅಲ್ಲ. ಆ ಹಾಳೆ ನಮಗೆ ಬೇಕು, ಅದಕ್ಕೇ ಬಿಡಿಸ್ತೀವಿ.”

ಅವಳು ಫೋನ್ ಇಟ್ಟ ಮೇಲೆ ಆ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ‘ನಮಗೆ ಬೇಕು, ಅದಕ್ಕೇ ಬಿಡಿಸುತ್ತೇವೆ.’ ಮನೆಗಳಲ್ಲಿ ನಡುವೆ ಬರುವವರನ್ನು ಸ್ವಲ್ಪ ನೋಡಿ. ಮಗಳ ಸಂಸಾರದ ನಡುವೆ ಬರುವ ತಾಯಿ, ಅಣ್ಣ ಅತ್ತಿಗೆಯರ ನಡುವೆ ಬರುವ ತಂಗಿ, ಅಕ್ಕಪಕ್ಕದವರ ನಡುವೆ ಬರುವ ನಮ್ಮಂಥವರು. ಎಲ್ಲರ ಬಾಯಲ್ಲೂ “ಪಾಪ, ಅವಳಿಗೋಸ್ಕರ” ಎಂಬ ಮಾತೇ. ಆದರೆ ಬಿಡಿಸಿದ ಮೇಲೆ ಅವಳು ಯಾರ ಕೈಗೆ ಒದಗಬೇಕು? ಅತ್ತೆಯ ಹಿಡಿತದಿಂದ ಬಿಡಿಸಿ ತನ್ನ ಹಿಡಿತಕ್ಕೆ ತೆಗೆದುಕೊಂಡ ತಾಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ನಡೆದದ್ದು ಬಿಡುಗಡೆಯಲ್ಲ, ವರ್ಗಾವಣೆ.

ವಿಜ್ಞಾನಿಗಳು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು ಎಂದು ನನಗೆ ಅನ್ನಿಸಿದ್ದು ಒಂದು ಪದದಿಂದ. ಹೀಗೆ ಬಿಡಿಸಿದ ಹಾಳೆಯನ್ನು ಅವರು ‘ಸ್ವತಂತ್ರ’ ಎಂದು ಬರೆಯುವುದಿಲ್ಲ, ‘ಹೆಚ್ಚುಕಡಿಮೆ ಸ್ವತಂತ್ರ’ ಎಂಬರ್ಥದ ಪದ ಹಾಕುತ್ತಾರೆ. ಯಾಕೆಂದರೆ ನಡುವೆ ಬಂದವರು ತಮ್ಮ ಗುರುತು ಬಿಡದೆ ಇರುವುದಿಲ್ಲ. ಲಿಥಿಯಂ ಬಂದರೆ ಹಾಳೆಗೆ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಕೊಟ್ಟುಬಿಡುತ್ತದೆ. ಚಿನ್ನ ಎಷ್ಟು ಪ್ರಮಾಣದಲ್ಲಿ ಕೂತಿದೆ ಎನ್ನುವುದರ ಮೇಲೆ ಕೆಲವೊಮ್ಮೆ ಕೊಡುತ್ತದೆ, ಕೆಲವೊಮ್ಮೆ ಕಿತ್ತುಕೊಳ್ಳುತ್ತದೆ. ಬಿಡಿಸಿದವರ ಋಣ ಬಿಡಿಸಿಕೊಂಡವರ ಮೈಯಲ್ಲಿ ಇದ್ದೇ ಇರುತ್ತದೆ. ಅದನ್ನು ಅಳೆದು, ಇಷ್ಟು ಎಂದು ಬರೆದಿಡುತ್ತಾರೆ ಅವರು. ನಾವಾದರೆ “ನಾನೇನು ಮಾಡಿದೆ, ಎಲ್ಲಾ ಅವಳ ಅದೃಷ್ಟ” ಎಂದು ಬಾಯಲ್ಲಿ ಹೇಳಿ, ವರ್ಷಗಟ್ಟಲೆ ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಂಡಿರುತ್ತೇವೆ.

ಈಗ ನನ್ನ ಸೋದರತ್ತೆಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಮ್ಮಮ್ಮನಿಗೆ ನಾದಿನಿ. ಕಥೆ ಸಿನಿಮಾಗಳಲ್ಲಿ ನಾದಿನಿ ಎಂದರೆ ಹೇಗಿರುತ್ತಾಳೆ ಎಂದು ನಿಮಗೆ ಗೊತ್ತು. ಇವರು ಹಾಗಿರಲಿಲ್ಲ. ಹಾಗೆಂದು ದೇವತೆಯೂ ಆಗಿರಲಿಲ್ಲ, ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಿದ್ದರು. ನಮ್ಮಜ್ಜಿ ಬಹಳ ಬಿಗಿ. ಸೊಸೆ ಯಾವ ಹೊತ್ತಿಗೆ ಏಳಬೇಕು, ಯಾವ ಸೀರೆ ಉಡಬೇಕು, ಅನ್ನಕ್ಕೆ ಎಷ್ಟು ಅಕ್ಕಿ ಹಾಕಬೇಕು, ಎಲ್ಲ ಅವರದೇ ತೀರ್ಮಾನ. ಅಮ್ಮನೂ ಎದುರಾಡಿದವರಲ್ಲ. ಅಜ್ಜಿ ಉಸಿರು ತೆಗೆದುಕೊಂಡರೆ ಅಮ್ಮ ಉಸಿರು ಬಿಡುತ್ತಿದ್ದರು, ಅಷ್ಟು ಅಂಟಿಕೊಂಡಿದ್ದರು. ನೋಡಿದವರೆಲ್ಲ “ಅತ್ತೆ ಸೊಸೆ ಎಂದರೆ ಹೀಗಿರಬೇಕು” ಎಂದು ಹೊಗಳುತ್ತಿದ್ದರಂತೆ.

1960ರ ದಶಕದ ಮೊದಲಲ್ಲಿ ನಮ್ಮ ಊರಿನಲ್ಲಿ ಹೆಂಗಸರಿಗೆ ಹಿಂದಿ ಕ್ಲಾಸು ಶುರುವಾಯಿತು. ಪ್ರಥಮಾ, ಮಧ್ಯಮಾ, ರಾಷ್ಟ್ರಭಾಷಾ ಎಂದು ಪರೀಕ್ಷೆಗಳು. ಅಮ್ಮನಿಗೆ ಹೋಗಬೇಕೆಂಬ ಆಸೆ, ಕೇಳಲು ಬಾಯಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಕ್ಲಾಸು. ಆ ಹೊತ್ತಿಗೇ ಅಜ್ಜಿಗೆ ಕಾಲು ನೀವಬೇಕು, ಸಂಜೆಯ ತಿಂಡಿಗೆ ಅಣಿ ಮಾಡಬೇಕು. ಅತ್ತೆ ಯಾರಿಗೂ ಹೇಳದೆ ಆ ಎರಡು ಗಂಟೆಯ ಕೆಲಸವನ್ನು ತಾವು ತೆಗೆದುಕೊಂಡರು. ಅಜ್ಜಿ “ಅವಳೆಲ್ಲಿ?” ಎಂದಾಗ “ನಾನಿದೀನಲ್ಲಮ್ಮ, ಕಾಲು ಚಾಚು” ಎನ್ನುತ್ತಿದ್ದರಂತೆ. ಗೊತ್ತಾದ ಮೇಲೆ ಬೈಗುಳ ಬಂದದ್ದೂ ಅತ್ತೆಗೇ. ಅತ್ತೆ ಸೊಸೆಯರ ನಡುವೆ ಹುಳಿ ಹಿಂಡಿದವಳು ಎಂದು ನೆಂಟರೂ ಸೇರಿಕೊಂಡು ಅಂದರು. ಅಮ್ಮ ಮೂರು ಪರೀಕ್ಷೆಗಳನ್ನೂ ಪಾಸು ಮಾಡಿದರು. ಮುಂದೆ ಮನೆಯ ಜಗಲಿಯಲ್ಲೇ ಹಿಂದಿ ಪಾಠ ಹೇಳಿ ನಮ್ಮ ಫೀಜು ಕಟ್ಟಿದರು. ಅಮ್ಮನಿಗೆ ಒಂದು ದನಿ ಇದೆ, ಅವರು ನಗುತ್ತಾರೆ, ತಮಾಷೆ ಮಾಡುತ್ತಾರೆ ಎಂಬುದೆಲ್ಲ ನಮಗೆ ಗೊತ್ತಾದದ್ದು ಆ ಜಗಲಿಯ ಮೇಲೆ.

ಹಾಳೆಯ ಕಥೆಯಲ್ಲಿ ನಾನು ತಂಗಿಯ ಮಗಳನ್ನು ಮೇಲಿಂದ ಮೇಲೆ ಕೇಳಿದ್ದು ಇದನ್ನೇ: ನಡುವೆ ಹೋದ ಲೋಹಕ್ಕೆ ಏನಾಗುತ್ತದೆ? ಎಲ್ಲರೂ ಮೇಲಿನ ಹಾಳೆಯನ್ನು ಹೊಗಳುತ್ತಾರಲ್ಲ, ಅಡಿಯಲ್ಲಿ ಕೂತವರ ಸುದ್ದಿ ಏನು? ಅದಕ್ಕೆ ಅವಳು ಹೇಳಿದ್ದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗದ ಸಂಗತಿ. 2020ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ, ಗ್ರಾಫೀನಿನ ಅಡಿಯಲ್ಲಿ ಚಿನ್ನದ ಪರಮಾಣುಗಳ ಒಂದೇ ಒಂದು ಸಾಲು ಹಾಸಿ ನೋಡಿದ್ದಾರೆ. ಅದು ಲೋಹದಂತೆ ವರ್ತಿಸಲಿಲ್ಲ, ಅರೆವಾಹಕವಾಗಿತ್ತು. ಎರಡು ಸಾಲು ಹಾಸಿದಾಗ ಮತ್ತೆ ಲೋಹ. ಎಂದರೆ, ನಡುವೆ ಒಂಟಿಯಾಗಿ ಹೋಗಿ ಕೂತಾಗ ಚಿನ್ನ ತನ್ನ ಚಿನ್ನತನವನ್ನೇ ಬಿಟ್ಟುಕೊಡುತ್ತದೆ. ನಾವು ಬೀರುವಿನಲ್ಲಿ ಬೀಗ ಹಾಕಿ ಇಡುವ ಆ ಚಿನ್ನ!

ಇನ್ನೊಂದು ಮುಖವೂ ಇದೆ. ಅದೇ 2020ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಗ್ಯಾಲಿಯಂ, ಇಂಡಿಯಂ, ತವರ ಇವುಗಳ ತೆಳುಪದರಗಳನ್ನು ಗ್ರಾಫೀನಿನಡಿ ಮಾಡಿ ತೋರಿಸಿದರು. ಗ್ಯಾಲಿಯಂ ಬಹಳ ಮೆತ್ತಗಿನ ಜೀವ. ಸುಮಾರು 30 ಡಿಗ್ರಿಗೇ ಕರಗುತ್ತದೆ, ಅಂಗೈಯಲ್ಲಿಟ್ಟರೆ ನೀರಾಗುತ್ತದೆ. ಎರಡು ಮೂರು ಪರಮಾಣು ದಪ್ಪದ ಪದರವನ್ನು ಹೊರಗೆ ಗಾಳಿಯಲ್ಲಿ ಇಟ್ಟರೆ ಕಿಲುಬು ಹಿಡಿದು ಹಾಳಾಗುತ್ತದೆ. ಹಾಳೆಯಡಿ ಇದ್ದರೆ ಗಾಳಿ ಸೋಕದು, ಹಾಗೇ ಉಳಿಯುತ್ತದೆ. ಅಷ್ಟೇ ಅಲ್ಲ, ಸಾಮಾನ್ಯ ಗ್ಯಾಲಿಯಂ ಸುಮಾರು 1 ಕೆಲ್ವಿನ್‌ವರೆಗೆ ತಣ್ಣಗಾದರೆ ಮಾತ್ರ ಅತಿವಾಹಕವಾಗುತ್ತದೆ. ಇಲ್ಲಿ ಸುಮಾರು 4 ಕೆಲ್ವಿನ್‌ಗೇ ಆಗುತ್ತದಂತೆ. ತಾನು ಎತ್ತಿಹಿಡಿದವರ ನೆರಳಲ್ಲೇ ಅದಕ್ಕೆ ಬಾಳು. ಹಾಗಾದರೆ ಯಾರು ಯಾರನ್ನು ಕಾಪಾಡಿದರು?

ಅತ್ತೆಯ ವಿಷಯದಲ್ಲಿ ನನಗೆ ಈ ಎರಡೂ ನಿಜ ಎನಿಸುತ್ತದೆ. ಅಮ್ಮನ ಹಿಂದಿ ಪುಸ್ತಕಗಳನ್ನು ಅತ್ತೆ ಸೆರಗಿನಲ್ಲಿ ಒರೆಸಿ ಇಡುತ್ತಿದ್ದರು. “ನೀನೂ ಕಲಿ” ಎಂದು ಅವರಿಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರ ಕಾಫಿ ಆದ ಮೇಲೆ ಉಳಿದ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ಕುಡಿಯುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಹೊತ್ತಿಗೆ, ಆ ಕಾಲದಲ್ಲಿ ಗಂಡನಿಲ್ಲದ ಹೆಂಗಸಿಗೆ ಬರುತ್ತಿದ್ದ ಎಷ್ಟೋ ಕಷ್ಟಗಳು ನಮ್ಮ ಮನೆಯಲ್ಲಿ ಅವರ ಹತ್ತಿರ ಸುಳಿಯಲಿಲ್ಲ. ಸುಳಿಯದಂತೆ ನೋಡಿಕೊಂಡದ್ದು ಅಮ್ಮ. ಅಮ್ಮನಿಗೆ ದನಿ ಬಂದ ಮೇಲೆ ಆ ದನಿ ಮೊದಲು ಎದ್ದದ್ದು ಅತ್ತೆಯ ಪರವಾಗಿಯೇ. ಒಂದು ಮದುವೆಯಲ್ಲಿ “ನಮ್ಮ ನಾದಿನಿಯನ್ನ ಮೊದಲ ಪಂಕ್ತಿಗೆ ಕೂರಿಸದಿದ್ದರೆ ನಾನೂ ಕೂರೋದಿಲ್ಲ” ಎಂದು ಎದ್ದು ನಿಂತರಂತೆ. ಆದರೂ ಡಿಕಾಕ್ಷನ್ನಿನ ಲೆಕ್ಕ ಇದರಿಂದ ತೀರುತ್ತದೆ ಎಂದು ನಾನು ಹೇಳಲಾರೆ.

ಹೀಗೆ ನಡುವೆ ತೂರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಇಂಟರ್‌ಕಲೇಶನ್’ ಎನ್ನುತ್ತಾರೆ. ಆ ಪದ ಲ್ಯಾಟಿನ್ನಿನದು. ಹಿಂದೆ ರೋಮಿನಲ್ಲಿ ವರ್ಷದ ಲೆಕ್ಕ ಸರಿದೂಗಿಸಲು ನಡುವೆ ಒಂದು ತಿಂಗಳನ್ನು ಸೇರಿಸಿ ಸಾರುತ್ತಿದ್ದರು, ಅದಕ್ಕಿದ್ದ ಹೆಸರು ಅದು. ಇದು ತಿಳಿದಾಗ ನನಗೆ ಕೂತಲ್ಲೇ ನಗು ಬಂತು. ನಮ್ಮ ಅಧಿಕಮಾಸವಲ್ಲದೆ ಇನ್ನೇನು ಇದು! ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕೆ 365. ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಬೀಳುತ್ತದೆ. ಹಾಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೂ ದೀಪಾವಳಿ ಮಳೆಗಾಲಕ್ಕೂ ಸರಿದುಹೋಗುತ್ತದೆ. ಅದಕ್ಕೇ ಎರಡೂವರೆ ವರ್ಷ ಕಳೆದು ಸ್ವಲ್ಪ ದಿನಕ್ಕೆ ಒಂದು ತಿಂಗಳನ್ನು ನಡುವೆ ತೂರಿಸುತ್ತೇವೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಎಲ್ಲ ಹಬ್ಬಗಳನ್ನೂ ಅವುಗಳ ಜಾಗದಲ್ಲಿ ನಿಲ್ಲಿಸುವ ತಿಂಗಳು ಅದು. ಆದರೆ ಅದಕ್ಕೆ ತನ್ನದೆಂದು ಒಂದು ಹಬ್ಬವಿಲ್ಲ. ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಮಲಮಾಸ ಎಂಬ ಹೆಸರು ಬೇರೆ. ಆಮೇಲೆ ಯಾರಿಗೋ ಅಯ್ಯೋ ಪಾಪ ಎನ್ನಿಸಿರಬೇಕು, ಪುರುಷೋತ್ತಮ ಮಾಸ ಎಂದು ದೇವರ ಹೆಸರಿಟ್ಟು ದಾನಧರ್ಮಕ್ಕೆ ಶ್ರೇಷ್ಠ ಎಂದರು. ಮೂವತ್ತಮೂರು ಅನಾರಸ ಕರಿದು ಅಳಿಯನಿಗೆ ಕೊಡುವ ಪದ್ಧತಿ ಉತ್ತರ ಕರ್ನಾಟಕದ ಕಡೆ ಇದೆ. ಅದಾದರೂ ಬಂತಲ್ಲ ಎಂದುಕೊಳ್ಳಬೇಕು. ದೊಡ್ಡ ಹೆಸರು ಕೊಟ್ಟುಬಿಟ್ಟರೆ ಹಬ್ಬ ಕೊಡಬೇಕಾಗಿಲ್ಲ ಎಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತು. ‘ತ್ಯಾಗಮಯಿ’ ಎಂಬ ಪದವನ್ನು ನಾವು ಬಳಸುವುದೂ ಹಾಗೆಯೇ.

ಇನ್ನು ಒಳಹೋಗುವ ದಾರಿಯ ವಿಷಯ. ಕೊರತೆಯಿಲ್ಲದ ಗ್ರಾಫೀನ್ ಹಾಳೆಯ ಮೂಲಕ ಹೆಚ್ಚುಕಡಿಮೆ ಯಾವುದೂ ನುಸುಳುವುದಿಲ್ಲ. ಹೀಲಿಯಂನಂಥ ಪುಟ್ಟ ಪರಮಾಣುವೂ ದಾಟಲಾರದೆಂದು 2008ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಹಾಗಾದರೆ ಗ್ಯಾಲಿಯಂ ಹೇಗೆ ಒಳಗೆ ಹೋಯಿತು? ಎಲ್ಲಿ ಹಾಳೆಯ ಅಂಚಿದೆಯೋ, ಎಲ್ಲಿ ಒಂದು ಪರಮಾಣು ತಪ್ಪಿಹೋಗಿದೆಯೋ ಅಲ್ಲಿಂದ. ಪೆನ್ಸಿಲ್ವೇನಿಯಾದವರು ಬೇಕೆಂದೇ ಪ್ಲಾಸ್ಮಾ ಹಾಯಿಸಿ ಹಾಳೆಯಲ್ಲಿ ಸಣ್ಣ ಸಣ್ಣ ಊನಗಳನ್ನು ಮಾಡುತ್ತಾರೆ. ಲೋಹ ಆ ಊನಗಳಿಂದ ಇಳಿಯುತ್ತದೆ. ಆ ಕಾವಿನಲ್ಲೇ ಊನಗಳು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವಂತೆ. ನಮ್ಮಜ್ಜಿಯ ಬಿಗಿಯಲ್ಲಿ ಅಂಥದೊಂದು ಊನ ಎಲ್ಲಿತ್ತು ಎಂದು ಯೋಚಿಸುತ್ತೇನೆ. ಇತ್ತು. ವಿಧವೆಯಾಗಿ ಬಂದ ಮಗಳ ಮಾತನ್ನು ಅವರು ಪೂರ್ತಿ ತೆಗೆದುಹಾಕಲಾರರಾಗಿದ್ದರು. ಬೈಯುತ್ತಿದ್ದರು, ಬೈದು ಸುಮ್ಮನಾಗುತ್ತಿದ್ದರು. ಬೇರೆ ಯಾರು ಆ ಕೆಲಸಕ್ಕೆ ಹೋಗಿದ್ದರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ನೋವಿದ್ದಲ್ಲಿ ದಾರಿಯಿತ್ತು.

ನಡುವೆ ಬಂದವರು ಹೊರಟುಹೋದರೆ? ಹಾಳೆಯ ವಿಷಯದಲ್ಲಿ ಇದಕ್ಕೆ ಖಚಿತ ಉತ್ತರವಿದೆ. ಹೈಡ್ರೋಜನ್ ತೂರಿಸಿದ ಹರಳನ್ನು ಮತ್ತೆ 700 ಡಿಗ್ರಿ ದಾಟಿಸಿ ಕಾಯಿಸುತ್ತ ಹೋದರೆ ಹೈಡ್ರೋಜನ್ ಕೈಬಿಟ್ಟು ಹೊರಡುತ್ತದೆ. ಹಾಳೆ ಮತ್ತೆ ಸಿಲಿಕಾನಿನ ಕೈ ಹಿಡಿದು ಸೊನ್ನೆಯ ಪದರವಾಗುತ್ತದೆ. ಮೊದಲಿನ ಹಾಗೇ. ನಮ್ಮ ಮನೆಯಲ್ಲಿ ಅತ್ತೆ ಹೋದದ್ದು 1979ರಲ್ಲಿ, ಅಜ್ಜಿಗಿಂತ ಮೊದಲು. ಅಜ್ಜಿ ಆಗ ಎಂಬತ್ತರ ಹತ್ತಿರ ಇದ್ದರು. ಹದಿಮೂರು ದಿನ ಕಳೆದ ಮೇಲೆ ಒಂದು ಸಂಜೆ ಅಜ್ಜಿಯೂ ಅಮ್ಮನೂ ಹಜಾರದಲ್ಲಿ ಮೊರ ನಡುವೆ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ನಾಲ್ಕು ಗಂಟೆ ಹೊಡೆದಾಗ ಅಜ್ಜಿಯೇ “ನಿನ್ನ ಹುಡುಗರು ಬರೋ ಹೊತ್ತಾಯ್ತು, ಏಳು, ನಾನು ಸುಲೀತೀನಿ” ಎಂದರು. ಪರಮಾಣುಗಳಿಗೂ ಮನುಷ್ಯರಿಗೂ ಇರುವ ವ್ಯತ್ಯಾಸದ ಬಗ್ಗೆ ತಂಗಿಯ ಮಗಳು ಕೊಟ್ಟ ಎಚ್ಚರಿಕೆ ಸರಿಯಾದದ್ದೇ. ಆದರೆ ಅದು ಅವಳು ಅಂದುಕೊಂಡ ದಿಕ್ಕಿನಲ್ಲಿ ಮಾತ್ರ ಸರಿ ಎಂದು ನನಗೆ ಅನ್ನಿಸುವುದಿಲ್ಲ. ಪರಮಾಣುವಿಗೆ ಇಷ್ಟಾನಿಷ್ಟ ಇಲ್ಲ, ನಿಜ. ಅದಕ್ಕೆ ನೆನಪೂ ಇಲ್ಲ. ಹದಿನೈದು ವರ್ಷ ನಡುವೆ ಒಬ್ಬರಿದ್ದರೆ, ಅವರು ಹೋದ ಮೇಲೂ ಆ ಜಾಗವನ್ನು ಬಿಟ್ಟುಕೊಂಡೇ ಕೂರುವುದು ಮನುಷ್ಯರಿಗೆ ಅಭ್ಯಾಸವಾಗಿಬಿಡಬಹುದು. ಆಗುತ್ತದೆ ಎಂದು ಭರವಸೆ ಕೊಡಲು ನಾನು ತಯಾರಿಲ್ಲ. ಆಗದ ಮನೆಗಳೂ ನನಗೆ ಗೊತ್ತು.

ಮೊದಲು ಹೇಳಿದ ಮಾತನ್ನು ಇಲ್ಲಿ ನೆನಪಿಸಬೇಕು. ಹಾಳೆ ಹುಟ್ಟಿದ್ದು ಆ ಹರಳಿನಿಂದಲೇ. ಬಿಡುಗಡೆಯಾದ ಮೇಲೂ ಅದು ಇರುವುದು ಅದೇ ಹರಳಿನ ಮೇಲೆ, ಹಾರಿ ಎಲ್ಲಿಗೂ ಹೋಗುವುದಿಲ್ಲ. ಅಮ್ಮನೂ ಅಜ್ಜಿಯನ್ನು ಬಿಟ್ಟು ಹೋಗಲಿಲ್ಲ. ಬೇರೆ ಮನೆ ಮಾಡಬೇಕೆಂದು ಅವರಿಗೆ ಅನ್ನಿಸಿತ್ತೋ ಇಲ್ಲವೋ, ಅವರು ಹೇಳಲಿಲ್ಲ. ಈಗಿನ ಹುಡುಗಿಯರಿಗೆ ಇದು ಅರ್ಧ ಬಿಡುಗಡೆ ಎಂದು ಕಾಣಬಹುದು. ‘ಹೆಚ್ಚುಕಡಿಮೆ ಸ್ವತಂತ್ರ’ ಎಂಬ ಪದ ಅವರಿಗೆ ಹಿಡಿಸಲಿಕ್ಕಿಲ್ಲ. ನನ್ನ ಮಟ್ಟಿಗೆ, ಪೂರ್ತಿ ಸ್ವತಂತ್ರರಾದ ಯಾರನ್ನೂ ನಾನು ಹತ್ತಿರದಿಂದ ಕಂಡಿಲ್ಲ. ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಇಷ್ಟೆಲ್ಲ ಯಾಕೆ ತಲೆಗೆ ಬಂತೆಂದರೆ, ನಮ್ಮ ಬೀದಿಯ ಒಂದು ಮನೆಯ ಸೊಸೆಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅತ್ತೆಗೆ ಇಷ್ಟವಿಲ್ಲ. ಗಂಡ ಅಮ್ಮನ ಮುಖ ನೋಡುತ್ತಾನೆ. ಹುಡುಗಿ ಹೋದ ವಾರ ಹಿತ್ತಲ ಬಾಗಿಲಿನಿಂದ ಬಂದು “ಆಂಟಿ, ಅವರು ನಿಮ್ಮ ಮಾತು ಕೇಳ್ತಾರೆ, ನೀವೊಂದು ಸಲ ಹೇಳಿ” ಎಂದಳು. ಇದೇ ತಿಂಗಳ ಕೊನೆಯೊಳಗೆ ಅವಳು ಕೆಲಸಕ್ಕೆ ಸೇರಬೇಕು. “ನಿನಗ್ಯಾಕೆ ಬೇಕು, ನಾಳೆ ಎರಡೂ ಕಡೆಯಿಂದ ಕೆಟ್ಟವಳಾಗ್ತೀಯ” ಎಂದು ನಮ್ಮ ಯಜಮಾನರು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆ ಮನೆಯ ಅತ್ತೆಯದೂ ನನ್ನದೂ ನಲವತ್ತು ವರ್ಷದ ಗೆಳೆತನ. ಆ ಹುಡುಗಿ ಕೆಲಸಕ್ಕೆ ಹೋದರೆ ಅದರಿಂದ ನನಗೇನು ಆಗಬೇಕಾಗಿದೆ ಎಂದು ನನ್ನನ್ನೇ ಎರಡು ಮೂರು ಸಲ ಕೇಳಿಕೊಂಡೆ. “ನಾನು ಹೇಳಿದ್ದರಿಂದಲೇ ಅವಳು ಹೋದಳು” ಎಂದು ನಾಳೆ ನಾಲ್ಕು ಜನರೆದುರು ಹೇಳಿಕೊಳ್ಳುವ ಆಸೆ ಒಳಗೆ ಎಲ್ಲಾದರೂ ಇದೆಯೇ ಎಂದೂ ನೋಡಿಕೊಂಡೆ. ಸ್ವಲ್ಪ ಇದೆ. ನಲವತ್ತು ವರ್ಷದ ಗೆಳೆತನ ತೆಳುವಾಗಬಹುದೆಂಬ ಹೆದರಿಕೆ ಅದಕ್ಕಿಂತ ಜಾಸ್ತಿ ಇದೆ.

ಹೋದ ವರ್ಷ ಆಕೆಗೆ ಮಂಡಿಯ ಆಪರೇಷನ್ ಆದಾಗ ನಾನು ಎರಡು ರಾತ್ರಿ ಜೊತೆಗಿದ್ದೆ. ನಿದ್ದೆ ಬಾರದೆ ಆಕೆ ಏನೇನೋ ಮಾತಾಡಿದರು. ಎಸ್ಸೆಸ್ಸೆಲ್ಸಿಯಲ್ಲಿ ತಮಗೆ ಫಸ್ಟ್ ಕ್ಲಾಸ್ ಬಂದಿತ್ತೆಂದೂ, ಕಾಲೇಜಿಗೆ ಅರ್ಜಿ ತರಲು ಹೋಗಬೇಕಾಗಿದ್ದ ದಿನವೇ ಗಂಡಿನ ಕಡೆಯವರು ನೋಡಲು ಬಂದರೆಂದೂ ಹೇಳಿದರು. ಬೆಳಗಾದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಬರುವ ಶುಕ್ರವಾರ ಅರಿಶಿನ ಕುಂಕುಮಕ್ಕೆ ಅವರ ಮನೆಗೆ ಹೋಗುವುದಿದೆ. ಸೊಸೆಯ ಕೆಲಸದ ಮಾತು ಅಂದು ನಾನಾಗಿ ತೆಗೆಯುವುದಿಲ್ಲ. ಆ ಮಾರ್ಕ್ಸ್ ಕಾರ್ಡ್ ಇನ್ನೂ ಇಟ್ಟುಕೊಂಡಿದ್ದೀರಾ, ಇದ್ದರೆ ನನಗೊಮ್ಮೆ ತೋರಿಸಿ ಎಂದು ಕೇಳಬೇಕೆಂದಿದ್ದೇನೆ.